ಆಟಿಯ ಮರಕೆಸು, ಕಣಿಲೆ: ಕಾಡಿನಿಂದ ತರಬಹುದೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಕಾರಡ್ಕ ರಿಸರ್ವ್ ಕಾಡಿನ ಬದಿಯಲ್ಲಿ. ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಪತ್ರೊಡೆಗೆ ಮರಕೆಸು (ಮರದ ಮೇಲೆ ಬೆಳೆಯುವ ಕೆಸು), ಪಲ್ಯಕ್ಕೆ ಕಣಿಲೆ (ಎಳೆ ಬಿದಿರು) ತರುವುದು ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಈಗ ಅದು ಅಪರಾಧ ಎನ್ನುತ್ತಾರೆ. ಮಿಕ್ಕದ್ದನ್ನು ಪೇಟೆಯಲ್ಲಿ ಮಾರಬಹುದೇ?

ಉತ್ತರ: ಗಿಡ ಯಾವುದು ಎಂಬುದಕ್ಕಿಂತ ಜಾಗ ಯಾರದು ಎಂಬುದನ್ನು ಮೊದಲು ನೋಡಬೇಕು. ಗಡಿ ಎಲ್ಲಿ ಎಂಬ ಸಂಶಯವಿದ್ದರೆ ಸರ್ವೆ ನಂಬ್ರ ಹಿಡಿದು ಗ್ರಾಮ ಕಚೇರಿಯಲ್ಲಿ ಕೇಳಿಕೊಳ್ಳಿ.

ರಿಸರ್ವ್ ಕಾಡಿಗೆ 1961ರ ಕೇರಳ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಕಾಡಿನ ಎಲೆ, ಹೂ, ಕಾಯಿ, ಬಳ್ಳಿ, ಹುಲ್ಲು ಎಲ್ಲವೂ ಅದರಲ್ಲಿ ಅರಣ್ಯ ಉತ್ಪನ್ನವೇ. ಅನುಮತಿಯಿಲ್ಲದೆ ತಂದರೆ 27ನೇ ಸೆಕ್ಷನ್ ಪ್ರಕಾರ ಅಪರಾಧ. ಮನೆಖರ್ಚಿಗೆ ತಂದೆವು ಎಂದರೆ ಬಿಡುಗಡೆಯಿಲ್ಲ.

ಖಾಸಗಿ ಗುಡ್ಡೆಯಾದರೆ ಜಾಗದವರ ಒಪ್ಪಿಗೆ ಬೇಕು, ಗಿಡ ತಾನಾಗಿಯೇ ಹುಟ್ಟಿದ್ದರೂ ಸರಿ. ನೆಲಕ್ಕೆ ಅಂಟಿಕೊಂಡಿರುವ ತನಕ ಅದು ಕಳವಿನ ವಸ್ತುವಾಗುವುದಿಲ್ಲ. ಆದರೆ ಕೇಳದೆ ಕೊಯ್ದು ಕೊಂಡುಹೋದರೆ ಕಳವಿನ ಬಗೆಗಿನ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ತಗಲುತ್ತದೆ. ವರ್ಗ (ಪಟ್ಟಾ) ಜಾಗಕ್ಕೆ ತಾಗಿಕೊಂಡಿರುವ ಕುಮ್ಕಿಯನ್ನು ಆ ವರ್ಗ ಜಾಗದವರು ತಮ್ಮದೆಂದೇ ನಂಬಿರುತ್ತಾರೆ, ಒಡೆತನ ಮಾತ್ರ ಸರಕಾರದ್ದು.

ಹಾಗೆಂದು ಅಜ್ಜಿಯ ಕಾಲದ ರೂಢಿಗೆ ಬೆಲೆಯಿಲ್ಲ ಎಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಗೆಡ್ಡೆ, ಔಷಧಿ ಗಿಡಗಳನ್ನೆಲ್ಲ ಕಿರು ಅರಣ್ಯ ಉತ್ಪನ್ನವೆಂದು ಕರೆದು, ಹಿಂದಿನಿಂದ ಸಂಗ್ರಹಿಸುತ್ತ ಬಂದವರಿಗೆ ಅದರ ಒಡೆತನವನ್ನೇ ಕೊಡುತ್ತದೆ, ಮಾರುವ ಹಕ್ಕೂ ಸೇರಿ. ಬದುಕಿಗೆ ಕಾಡನ್ನೇ ನಂಬಿರುವ ಕೊರಗ, ಮಾವಿಲರಂಥ ಪರಿಶಿಷ್ಟ ಪಂಗಡದವರು 13-12-2005ಕ್ಕೆ ಮೊದಲೇ ಅಲ್ಲಿ ನೆಲೆಸಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಹಾಗೆಯೇ ಬದುಕಿದ್ದನ್ನು ತೋರಿಸಬೇಕು. ಕಾಡಿನ ಬದಿಯಲ್ಲಿ ತೋಟವಿದೆ ಎಂಬಷ್ಟಕ್ಕೇ ಹಕ್ಕು ಬರುವುದಿಲ್ಲ.

ಸಮುದಾಯದ ಹಕ್ಕಿಗೆ ನಮೂನೆ 'ಬಿ' ತುಂಬಿಸಿ. ಅದನ್ನು ಕೊಡಬೇಕಾದದ್ದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ, ರೇಂಜ್ ಆಫೀಸಿಗಲ್ಲ. ಊರ ಹಿರಿಯರ ಮಾತನ್ನು ಬರೆಸಿಕೊಂಡರೆ ಅದೂ ಪುರಾವೆಯೇ, ಆದರೆ ಹೇಳುವ ಹಿರಿಯರು ಅರ್ಜಿದಾರರಾಗಿರಬಾರದು. ಅದೊಂದೇ ಸಾಲದು, ಕನಿಷ್ಠ ಎರಡು ಬಗೆಯ ಪುರಾವೆ ಲಗತ್ತಿಸಿ. ಗ್ರಾಮಸಭೆಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಉಪವಿಭಾಗ ಸಮಿತಿಗೆ ಅರ್ಜಿ ಹಾಕಬಹುದು.

ನಿಮ್ಮ ಸ್ವಂತ ಜಾಗದ ಮರಕೆಸು ಮಾರುವುದಕ್ಕೆ ಈ ಅರ್ಜಿ ಬೇಡ. ವ್ಯಾಪಾರಕ್ಕಾಗಿ ಇಂಥದ್ದನ್ನು ಪಡೆಯುವವರು ರಾಜ್ಯ ಜೀವವೈವಿಧ್ಯ ಮಂಡಳಿಗೆ ಮೊದಲೇ ತಿಳಿಸಬೇಕೆಂಬ ನಿಯಮ 2002ರ ಜೀವವೈವಿಧ್ಯ ಕಾಯ್ದೆಯಲ್ಲಿದ್ದರೂ ಸ್ಥಳೀಯರಿಗೆ ಅದರಿಂದ ವಿನಾಯಿತಿಯಿದೆ.

ಎಲ್ಲಿಂದ ಕೊಯ್ದರೂ ಮರಕೆಸುವಿನ ಎಲೆಯನ್ನಷ್ಟೇ ಚಿವುಟಿ, ಮರದ ಪೊಟರೆಯಲ್ಲಿರುವ ಗೆಡ್ಡೆ ಕೀಳಬೇಡಿ. ಒಂದು ಕಣಿಲೆ ಕಡಿದರೆ ಒಂದು ಬಿದಿರು ಹೋಯಿತೆಂದೇ ಲೆಕ್ಕ. ಒಂದೇ ಹಿಂಡಿಲಿನಿಂದ (ಬಿದಿರ ಮೆಳೆಯಿಂದ) ಎಲ್ಲವನ್ನೂ ತೆಗೆಯಬೇಡಿ.