ಆ ಒಪ್ಪಿಗೆ ಫಾರಂ ಓದಬೇಕಾದವರು ಯಾರು?

ಹಾಸನದ ತಂಗಿಯೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಅಪ್ಪನಿಗೆ 64. ಮಲ್ಟಿಪಲ್ ಮೈಲೋಮಾ ಅನ್ನೋ ಬ್ಲಡ್ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡಿದೆ. ಹೊಸ ಔಷಧಿಯ ಫೇಸ್ ಒನ್ ಟ್ರಯಲ್, ಅಂದ್ರೆ ಮನುಷ್ಯರ ಮೇಲೆ ಮೊದಲ ಹಂತದ ಪರೀಕ್ಷೆ ಇದೆ, ಸೇರಿಸ್ತೀರಾ ಎಂದು ಬೆಂಗಳೂರಿನ ಡಾಕ್ಟರು ಕೇಳಿದ್ದಾರೆ. ತಂಗಿಗೆ ಸೇರಿಸೋ ಆಸೆ. ಅಣ್ಣನಿಗೆ, 'ಅಪ್ಪ ಏನು ಪ್ರಯೋಗದ ಇಲಿನಾ?' ಎಂಬ ಸಿಟ್ಟು. ಯಾರು ಸರಿ ಅಂತ ಪ್ರಶ್ನೆ.

ಅದಿರಲಿ ತಂಗಿ. ಮೂರನೇ ಪುಟದ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಲ್ಲ: 'ಕಾಯಿಲೆ ಮತ್ತೆ ಬಂದಿದ್ದು ಅಪ್ಪನಿಗೆ ಗೊತ್ತಿಲ್ಲ, ರಕ್ತ ಕಡಿಮೆ ಅಂದಿದ್ದೇವೆ. ಮೊನ್ನೆ ಮಾತ್ರೆ ಬಣ್ಣ ಯಾಕೆ ಬದಲಾಯ್ತು ಅಂತ ಕೇಳಿದ್ರು.' ಸೊಸೈಟಿಯಲ್ಲಿ ಮೂವತ್ತು ವರ್ಷ ಸೆಕ್ರೆಟರಿ ಆಗಿದ್ದವರು, ಓದದೆ ಒಂದು ವೋಚರಿಗೂ ಸಹಿ ಹಾಕದವರು. ಅವರಿಗೆ ಗೊತ್ತಿಲ್ಲವೇ? ಗೊತ್ತಿದೆ. ನಿಮಗಾಗಿ ಸುಮ್ಮನಿದ್ದಾರೆ, ಅಷ್ಟೇ.

ಅಣ್ಣನ ಮೇಲೆ ನನಗೆ ಸಿಟ್ಟಿಲ್ಲ, ಅದು ಹೆದರಿಕೆ. ಸಿಟ್ಟೆಲ್ಲ ನಿಮ್ಮ ಭಾವನವರ ಮೇಲೆ. 'ಹೇಳಿದ್ರೆ ಎದೆ ಒಡೆದುಕೊಳ್ತಾರೆ' ಅಂತ ಫೈಲನ್ನು ಅಕ್ಕಿ ಡಬ್ಬಿಯ ಹಿಂದೆ ಇಡಿಸಿದವರು ಅವರೇ ತಾನೆ? ರೋಗಿಯ ಫೈಲು ರೋಗಿಯ ಕೈಯಲ್ಲಿರಲಿ ಅಂತ ಇಲ್ಲಿ ಎಷ್ಟು ಸಲ ಬರೆದೆನೋ, ನನಗೇ ಲೆಕ್ಕವಿಲ್ಲ.

ಫೇಸ್ ಒನ್‌ನಲ್ಲಿ ಮುಖ್ಯವಾಗಿ ನೋಡೋದು ದೇಹ ಎಷ್ಟು ಡೋಸ್ ತಡೆದುಕೊಳ್ಳುತ್ತದೆ ಅಂತ. ಎಷ್ಟೋ ಕಡೆ ಮೂರು ಜನಕ್ಕೆ ಕಡಿಮೆ ಡೋಸ್ ಕೊಟ್ಟು, ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಏರಿಸುತ್ತಾರೆ. ಗುಣ ಆಗಲೂಬಹುದು. ಇಮಾಟಿನಿಬ್ ಅನ್ನೋ ಕ್ಯಾನ್ಸರ್ ಔಷಧಿ 1998ರಲ್ಲಿ ಹೀಗೇ ಶುರುವಾಗಿದ್ದು. ದಿನಕ್ಕೆ 300 ಮಿಲಿಗ್ರಾಂ ಅಥವಾ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಕೌಂಟ್ ಸರಿಹೋಯಿತು. ಆದರೆ ಅವರಿಗಿದ್ದದ್ದು ಬೇರೆ ಬ್ಲಡ್ ಕ್ಯಾನ್ಸರ್. ಅಂಥ ಅದೃಷ್ಟ ಎಲ್ಲ ಔಷಧಿಗೂ ಇಲ್ಲ. ಹಾಗಾಗಿ ಈ ಜೂಜು ಆಡೋದೋ ಬೇಡವೋ ಅನ್ನೋದನ್ನು ಮೈಯೊಡ್ಡುವವರೇ ಹೇಳಬೇಕು.

ಕಾನೂನೂ ಅದನ್ನೇ ಹೇಳುತ್ತದೆ. ಬುದ್ಧಿ ಸರಿಯಿರುವ ಅಪ್ಪನ ಪರವಾಗಿ ಮಗಳ ಸಹಿ ನಡೆಯೋದಿಲ್ಲ. ಒಪ್ಪಿಗೆ ಫಾರಂ ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಸಹಿ ಹಾಕಿದ ಮೇಲೂ ಬೇಡ ಅನಿಸಿದ ದಿನ ಹೊರಗೆ ಬರಬಹುದು.

ಈ ಭಾನುವಾರ ತಿಂಡಿ ಆದಮೇಲೆ ಫೈಲು, ಕನ್ನಡದ ಫಾರಂ, ಅವರ ಕನ್ನಡಕ, ಮೂರನ್ನೂ ಅಪ್ಪನ ಮುಂದಿಡಿ. ಅಣ್ಣನೂ ಪಕ್ಕದಲ್ಲಿರಲಿ. ಭಾವನವರನ್ನು ತರಕಾರಿ ತರೋಕೆ ಕಳಿಸಿ.