ಕುವೈತ್‌ನಿಂದ ಬರುವ ದುಡ್ಡು ಮತ್ತು ಬ್ಯಾಂಕಿನ ಕಾಗದ

ಶಿಡ್ಲಘಟ್ಟದ ರೇಷ್ಮೆ ರೀಲರ್ (ರೇಷ್ಮೆ ಗೂಡಿನಿಂದ ನೂಲು ತೆಗೆಯುವವರು) ಒಬ್ಬರು ಬರೆದಿದ್ದಾರೆ: "ನನ್ನ ತಮ್ಮ ಕುವೈತ್‌ನಲ್ಲಿ ಡ್ರೈವರ್. ಹವಾಲಾದಲ್ಲಿ ಕಳಿಸಿದರೆ ಸಂಜೆಗೇ ದುಡ್ಡು ಮನೆ ಬಾಗಿಲಿಗೆ ಬರುತ್ತೆ, ರೇಟೂ ಜಾಸ್ತಿ. ಬ್ಯಾಂಕಿನಲ್ಲಾದರೆ ಆ ಕಾಗದ ತನ್ನಿ, ಈ ಕಾಗದ ತನ್ನಿ ಅಂತಾರೆ. ಯಾಕೆ ಅಂದರೆ ಉಗ್ರರಿಗೆ ಹಣ ಹೋಗದಂತೆ ಪ್ಯಾರಿಸ್‌ನವರು ಮಾಡಿದ ರೂಲ್ಸಂತೆ. ಗೂಡು ಕೊಳ್ಳೋಕೆ ತಮ್ಮ ಕಳಿಸೋ ದುಡ್ಡಿಗೂ ಉಗ್ರರಿಗೂ ಏನು ಸಂಬಂಧ? ಈ ರೂಲ್ಸಿನಿಂದ ಯಾರನ್ನಾದರೂ ತಡೆದಿದ್ದಾರಾ?"

ಸಂಪಾದಕರ ಉತ್ತರ:

ನಿಮ್ಮ ತಮ್ಮನ ದುಡಿಮೆಯ ಬಗ್ಗೆ ಯಾರಿಗೂ ಅನುಮಾನ ಇರಬೇಕಾಗಿಲ್ಲ. ಆದರೆ ಹವಾಲಾ ನಡೆಯುವ ರೀತಿ ನೋಡಿ. ತಮ್ಮ ಅಲ್ಲಿ ಏಜೆಂಟನ ಕೈಗೆ ದಿನಾರ್ ಕೊಡುತ್ತಾರೆ. ನಿಮ್ಮ ಹತ್ತಿರ ಇರುವ ಒಂದು ಹತ್ತು ರೂಪಾಯಿ ನೋಟಿನ ನಂಬರನ್ನೂ ಹೇಳುತ್ತಾರೆ. ಏಜೆಂಟ್ ಇಲ್ಲಿನ ಜೊತೆಗಾರನಿಗೆ ಫೋನ್ ಮಾಡುತ್ತಾನೆ. ದುಡ್ಡು ತಂದವನಿಗೆ ನೀವು ಆ ಹತ್ತು ರೂಪಾಯಿ ನೋಟು ಕೊಡುತ್ತೀರಿ. ಅದೇ ರಸೀದಿ. ಗಡಿ ದಾಟಿ ಒಂದು ಪೈಸೆಯೂ ಬಂದಿಲ್ಲ. ಅವರಿಬ್ಬರ ಲೆಕ್ಕ ಆಮೇಲೆ ಚಿನ್ನದಲ್ಲೋ, ಆಮದು ಮಾಲಿನ ಬಿಲ್ಲಿನಲ್ಲಿ ಬೆಲೆ ಏರಿಸಿ ಇಳಿಸಿಯೋ ಚುಕ್ತಾ ಆಗುತ್ತದೆ.

ಅಂದರೆ ನಿಮ್ಮ ಕೈಗೆ ಬಂದ ಕಟ್ಟು ಇನ್ಯಾರದೋ ದುಡ್ಡು. ತೆರಿಗೆ ತಪ್ಪಿಸಿದವರದ್ದಿರಬಹುದು, ಲಂಚದ್ದಿರಬಹುದು. ತಮ್ಮನ ದಿನಾರ್ ಅಲ್ಲಿ ಯಾರ ಕೈ ಸೇರಿತು ಅನ್ನುವುದಂತೂ ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. 1991ರಲ್ಲಿ ದೆಹಲಿಯಲ್ಲಿ ಕಾಶ್ಮೀರದ ಉಗ್ರ ಸಂಘಟನೆ ಹಿಜ್ಬುಲ್ ಮುಜಾಹಿದೀನ್‌ನವನೊಬ್ಬ ಸಿಕ್ಕಿಬಿದ್ದ. ಅವನಿಗೆ ಹವಾಲಾದಲ್ಲಿ ಬರುತ್ತಿದ್ದ ಹಣದ ಜಾಡು ಹಿಡಿದು ಹೋದ ಸಿಬಿಐಗೆ ಉದ್ಯಮಿಗಳಾದ ಜೈನ್ ಸಹೋದರರ ಡೈರಿಗಳು ಸಿಕ್ಕವು. ಅದರ ತುಂಬ ರಾಜಕಾರಣಿಗಳ, ಅಧಿಕಾರಿಗಳ ಹೆಸರಿನ ಮೊದಲಕ್ಷರಗಳು, ಪಕ್ಕದಲ್ಲಿ ಮೊತ್ತ. ಡೈರಿಯ ಬರಹ ಒಂದೇ ಸಾಕ್ಷಿಯಾಗದು ಎಂದು ರಾಜಕಾರಣಿಗಳ ಮೇಲಿನ ಕೇಸುಗಳು ಕೋರ್ಟಿನಲ್ಲಿ ನಿಲ್ಲಲಿಲ್ಲ. ಆದರೂ ಕಾಶ್ಮೀರದ ಉಗ್ರರನ್ನು ಹುಡುಕಿ ಹೊರಟ ತನಿಖೆ ದೆಹಲಿಯ ದೊಡ್ಡವರ ಬಾಗಿಲಿಗೆ ಬಂದು ನಿಂತಿತ್ತಲ್ಲ, ಅದು ನನಗೆ ಇವತ್ತಿಗೂ ಮರೆಯಲಾಗದ ಸಂಗತಿ.

ಪ್ಯಾರಿಸ್‌ನವರು ಅಂದಿರಿ. ಅದು ಪ್ಯಾರಿಸ್‌ನಲ್ಲಿ ಕಚೇರಿ ಇರುವ ಎಫ್‌ಎಟಿಎಫ್ (ಫೈನಾನ್ಶಿಯಲ್ ಆಕ್ಷನ್ ಟಾಸ್ಕ್ ಫೋರ್ಸ್). 1989ರಲ್ಲಿ ಕಪ್ಪುಹಣ ಬಿಳಿ ಮಾಡುವುದನ್ನು ತಡೆಯಲು ಏಳು ಶ್ರೀಮಂತ ದೇಶಗಳು ಹುಟ್ಟುಹಾಕಿದ್ದು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಉಗ್ರರ ಹಣದ ಕೆಲಸವೂ ಅದರ ಹೆಗಲಿಗೆ ಬಿತ್ತು. ಆ ದಾಳಿಗೆ ತಗುಲಿದ್ದು ನಾಲ್ಕರಿಂದ ಐದು ಲಕ್ಷ ಡಾಲರ್. ದಾಳಿಕೋರರಿಗೆ ಅದರಲ್ಲಿ ದೊಡ್ಡ ಪಾಲು ಹೋದದ್ದು ಮಾಮೂಲಿ ಬ್ಯಾಂಕುಗಳ ಮೂಲಕವೇ. ಯಾರಿಗೂ ಅನುಮಾನ ಬರಲಿಲ್ಲ. ಹಾಗಾಗಿಯೇ ಕಳಿಸಿದವರ ವಿವರ ಹಣದ ಜೊತೆಗೇ ಬರಬೇಕು ಅನ್ನುವ ನಿಯಮ ಬಂತು. ಕೌಂಟರಿನಲ್ಲಿ ನಿಮ್ಮನ್ನು ಕೇಳುವ ಕಾಗದಗಳ ಬೇರು ಅಲ್ಲಿದೆ.

ಯಾರನ್ನು ತಡೆದಿದ್ದಾರೆ? ಪಾಕಿಸ್ತಾನವನ್ನೇ ನೋಡಿ. 2018ರ ಜೂನ್‌ನಿಂದ 2022ರ ಅಕ್ಟೋಬರ್‌ವರೆಗೆ ಅದು ಎಫ್‌ಎಟಿಎಫ್‌ನ ಗ್ರೇ ಲಿಸ್ಟಿನಲ್ಲಿ, ಅಂದರೆ ಇಂಥ ಹಣ ತಡೆಯುವುದರಲ್ಲಿ ಹಿಂದೆ ಬಿದ್ದ ದೇಶಗಳ ಪಟ್ಟಿಯಲ್ಲಿ, ಇತ್ತು. ಆ ಪಟ್ಟಿ ಸೇರಿದ ದೇಶದ ಜೊತೆ ವ್ಯವಹಾರ ಮಾಡಲು ಹೊರಗಿನ ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ. ಮುಂಬೈ ದಾಳಿ ನಡೆಸಿದ ಲಷ್ಕರ್ ಎ ತಯ್ಬಾ ಕಟ್ಟಿದ ಹಫೀಜ್ ಸಯೀದ್‌ಗೆ ಉಗ್ರರಿಗೆ ಹಣ ಒದಗಿಸಿದ ಕೇಸಿನಲ್ಲಿ ಲಾಹೋರ್ ಕೋರ್ಟು ಶಿಕ್ಷೆ ಕೊಟ್ಟಿದ್ದು ಈ ನಡುವೆಯೇ, 2020ರ ಫೆಬ್ರವರಿಯಲ್ಲಿ. ಮುಂಬೈ ದಾಳಿಯಾಗಿ ಹನ್ನೊಂದು ವರ್ಷ ದಾಟಿತ್ತು. ಆ ಪಟ್ಟಿಯ ಬಿಸಿ ಇಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

ಆದರೆ ಬ್ಯಾಂಕಿನ ಹಂಗೇ ಇಲ್ಲದ ಹಣಕ್ಕೆ ಈ ನಿಯಮಗಳು ಹೆಚ್ಚೇನೂ ಮಾಡಲಾರವು. ಐಸಿಸ್ ಉಗ್ರರು 2014ರಲ್ಲಿ ಇರಾಕಿನ ಮೊಸುಲ್ ನಗರ ಹಿಡಿದಾಗ ಆ ಸಂಘಟನೆ ಎಣ್ಣೆ ಮಾರಿತು, ಬ್ಯಾಂಕಿನ ತಿಜೋರಿ ದೋಚಿತು, ಅಂಗಡಿಯವರಿಂದ, ರೈತರಿಂದ ತೆರಿಗೆ ಕಿತ್ತಿತು. ಸೊಮಾಲಿಯಾದ ಉಗ್ರ ಸಂಘಟನೆ ಅಲ್ ಶಬಾಬ್ ರಸ್ತೆಗೆ ಅಡ್ಡಗಟ್ಟೆ ಹಾಕಿ ಲಾರಿಗಳಿಂದ ವಸೂಲಿ ಮಾಡುತ್ತದೆ. ಅವರಿಗೆ ಇದ್ದಿಲು ವ್ಯಾಪಾರದಿಂದ ಹಣ ಸಿಗುತ್ತಿದೆ ಎಂದು 2012ರಲ್ಲಿ ವಿಶ್ವಸಂಸ್ಥೆ ಅಲ್ಲಿನ ಇದ್ದಿಲು ರಫ್ತನ್ನೇ ನಿಷೇಧಿಸಬೇಕಾಯಿತು. ಛತ್ತೀಸ್‌ಗಢದ ಕಡೆ ಮಾವೋವಾದಿಗಳು ಬೀಡಿ ಎಲೆ ಕಂಟ್ರಾಕ್ಟರುಗಳಿಂದ ವಸೂಲಿ ಮಾಡಿದ್ದೂ ಹೀಗೇ. ಉಗ್ರರ ಖರ್ಚಿಗೆ ಮೊದಲು ದುಡ್ಡು ತೆರುವವರು ಅವರ ಕೈಕೆಳಗೆ ಸಿಕ್ಕಿಕೊಂಡ ಬಡವರು.

ನಿಯಮ ಕುರುಡಾದರೆ ಏಟು ಬೀಳುವುದೂ ಬಡವರಿಗೇ. ಅಲ್-ಬರಕಾತ್ ಅನ್ನುವುದು ಸೊಮಾಲಿಯಾದವರ ಹಣ ರವಾನೆ ಸಂಸ್ಥೆ. ಹೊರದೇಶದಲ್ಲಿ ದುಡಿಯುವವರು ಅದರ ಮೂಲಕವೇ ಊರಿಗೆ ಹಣ ಕಳಿಸುತ್ತಿದ್ದರು. 2001ರ ನವೆಂಬರ್‌ನಲ್ಲಿ ಅಮೆರಿಕ ಅದರ ಕಚೇರಿಗಳಿಗೆ ಬೀಗ ಜಡಿಸಿತು, ಹಣ ಮುಟ್ಟುಗೋಲು ಹಾಕಿತು. ಅದು ಅಲ್ ಖೈದಾಕ್ಕೆ ಹಣ ಕೊಡುತ್ತಿತ್ತು ಅನ್ನುವ ಆರೋಪಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ ಎಂದು ಅಮೆರಿಕದ್ದೇ 9/11 ತನಿಖಾ ಆಯೋಗದ ಸಿಬ್ಬಂದಿ ಆಮೇಲೆ ಬರೆದರು. ಅಷ್ಟರಲ್ಲಿ ಅಲ್ಲಿನ ಮನೆಗಳಿಗೆ ಆಗಬೇಕಾದ ಕಷ್ಟ ಆಗಿಹೋಗಿತ್ತು. ಹೊರದೇಶದಲ್ಲಿ ತಮ್ಮನನ್ನು ಬಿಟ್ಟು ಕೂತ ನಿಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇದೆ ಅನ್ನುವುದು ಇದಕ್ಕೇ.

ಇಷ್ಟಾದರೂ ಹವಾಲಾ ಬಿಡಿ ಅಂತಲೇ ಹೇಳುತ್ತೇನೆ. ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲಿ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಲು ಅವಕಾಶ ಇದೆ. ಈಗಂತೂ ಹವಾಲಾದವರು ಯಾರ್‍ಯಾರದೋ ಖಾತೆಯಿಂದ ನೇರ ನಿಮ್ಮ ಖಾತೆಗೇ ಹಾಕುತ್ತಾರೆ. ಅದು ಆನ್‌ಲೈನ್ ವಂಚನೆಯ ದುಡ್ಡಾಗಿದ್ದರೆ ಪೊಲೀಸರು ಬ್ಲಾಕ್ ಮಾಡಿಸುವುದು ನಿಮ್ಮ ಖಾತೆಯನ್ನು. ಗೂಡಿನ ಹರಾಜಿನ ದಿನ ಖಾತೆ ಬಂದ್ ಆದರೆ ಏನು ಮಾಡುತ್ತೀರಿ?

ತಮ್ಮ ಅಲ್ಲಿನ ಲೈಸೆನ್ಸ್ ಇರುವ ಎಕ್ಸ್‌ಚೇಂಜ್ ಅಂಗಡಿಯಿಂದ ಕಳಿಸಲಿ. ಒಡಹುಟ್ಟಿದವರು ಕೊಟ್ಟ ಹಣಕ್ಕೆ ನಿಮಗೆ ಆದಾಯ ತೆರಿಗೆ ಇಲ್ಲ. ರಸೀದಿ, ಅವರ ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಅಷ್ಟು ಕೊಟ್ಟ ಮೇಲೂ ಬ್ಯಾಂಕಿನವರು ಓಡಾಡಿಸಿದರೆ ದೂರನ್ನು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಿಸುವ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಫೀಸು ಇಲ್ಲ. ಅರ್ಜಿ ಬರೆಯಲು ಕಷ್ಟವಾದರೆ ನಮ್ಮ ಕಚೇರಿಗೆ ಬನ್ನಿ, ಕೂತು ಬರೆಯೋಣ.