ಕಣ್ಣೀರು ಬಾರದ ಭಾನುವಾರಗಳು

ಬಾಗಲಕೋಟೆಯಲ್ಲಿ ನಾನು ಆಪ್ತಸಲಹೆ ನೀಡುವ ಕೊಠಡಿಗೆ ಬಂದ ಆ ಹುಡುಗನಿಗೆ ಇಪ್ಪತ್ತಾರು ವರ್ಷ. ಗುಳೇದಗುಡ್ಡದವನು, ಮನೆಯಲ್ಲಿ ಖಣ ನೇಯುವ ಮಗ್ಗ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆತನ ಒಪ್ಪಿಗೆಯಿದೆ. ಕುಳಿತವನೇ ಕೇಳಿದ: "ಅಕ್ಕಾ, ದೇವರು ನನ್ನನ್ನು ಕೈಬಿಟ್ಟಿದ್ದಾನೆಯೇ?"

ಎರಡು ವರ್ಷದಲ್ಲಿ ನಾಲ್ಕು ಕ್ರೈಸ್ತ ಪ್ರಾರ್ಥನಾ ಕೂಟ ಸುತ್ತಿದ್ದ. ಮೊದಲನೆಯದರಲ್ಲಿ ಡ್ರಮ್ಸ್, ಬಣ್ಣದ ದೀಪ. ಹಾಡುವಾಗ ಮೈ ನವಿರೇಳುತ್ತಿತ್ತು, ಅಳು ಉಕ್ಕುತ್ತಿತ್ತು. ಆರು ತಿಂಗಳಿಗೆ ಅಳು ನಿಂತಿತು. ತನ್ನಲ್ಲೇ ಪಾಪ ಉಳಿದಿದೆ ಎಂದು ಉಪವಾಸ ಕುಳಿತ. ಮೊಬೈಲಿನಲ್ಲಿ ಒಬ್ಬ ಬೋಧಕರು ಹೊಸ ಅಭಿಷೇಕ, ಅಂದರೆ ಪವಿತ್ರಾತ್ಮನ ಹೊಸ ಬಲ, ಸಿಗುತ್ತದೆ ಎಂದರು, ಅಲ್ಲಿಗೆ ಓಡಿದ. ಮತ್ತೊಬ್ಬರು ಕಾಣಿಕೆ ಕಳಿಸಿದರೆ ಆಶೀರ್ವಾದ ಎಂದರು, ಸಾಲ ಮಾಡಿ ಕಳಿಸಿದ. ಒಂದು ಸಂಜೆ, ಹಳೆಯ ಕ್ರಮದ ಆರಾಧನೆಗೇ ಹೋಗುವ ತಂದೆಗೆ, "ನಿಮ್ಮದು ಸತ್ತ ಆರಾಧನೆ, ಬರೀ ಗಿಳಿಪಾಠ" ಎಂದುಬಿಟ್ಟ. ತಂದೆ ಮರುಮಾತಾಡದೆ ಮಗ್ಗದ ಕುಣಿಗೆ ಇಳಿದರಂತೆ. ಆ ರಾತ್ರಿ ಬಹಳ ಹೊತ್ತು ಲಾಳಿಯ ಸದ್ದು ನಿಲ್ಲಲೇ ಇಲ್ಲ ಎಂದು ಹೇಳುವಾಗ ಆತ ತಲೆ ಎತ್ತಲಿಲ್ಲ.

ನನಗೆ ಮೊದಲು ಕಂಡದ್ದು ದಣಿವು. ರಾತ್ರಿ ಎರಡರವರೆಗೆ ಪ್ರವಚನ ನೋಡುತ್ತಿದ್ದ, ಬೆಳಗ್ಗೆ ಎದೆ ಡವಗುಟ್ಟುತ್ತಿತ್ತು. ವೈದ್ಯರಿಗೆ ತೋರಿಸು, ಹತ್ತರ ಮೇಲೆ ಮೊಬೈಲು ಬೇರೆ ಕೋಣೆಯಲ್ಲಿರಲಿ ಎಂದೆ. ಅದು ಅಪನಂಬಿಕೆಯಾಗುವುದಿಲ್ಲವೇ ಎಂದು ಅನುಮಾನಿಸಿದ. ಬೈಬಲಿನ ಒಂದನೆಯ ಅರಸುಗಳು ಗ್ರಂಥದ 19ನೇ ಅಧ್ಯಾಯ ತೆರೆದು ಆತನಿಂದಲೇ ಓದಿಸಿದೆ. ಸಾವು ಬೇಡಿ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತನು ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಮುಂದೆ ಬಿರುಗಾಳಿ, ಭೂಕಂಪ, ಬೆಂಕಿ ಬರುತ್ತವೆ. ಅವುಗಳಲ್ಲಿ ದೇವರಾದ ಯೆಹೋವನು ಇರಲಿಲ್ಲ. ಕೊನೆಗೆ ಮೆಲುದನಿ. ಆ ಸಾಲಿಗೆ ಬಂದಾಗ ಓದು ತಡೆಯಿತು.

ಎರಡು ವಾರದ ನಂತರ ಗಿಳಿಪಾಠದ ಮಾತು ನಾನೇ ಎತ್ತಿದೆ. ಕರ್ತರ ಭೋಜನದ ದಿನ, ಅಂದರೆ ಸಭೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ, ತಂದೆ ಒಂದು ವಿಶ್ವಾಸ ಪ್ರಮಾಣ ಹೇಳುತ್ತಾರೆ. ಕ್ರೈಸ್ತ ನಂಬಿಕೆಯ ಸಾರವಾದ ಆ ನೈಸಿಯಾ ಪ್ರಮಾಣದ ಮೂಲ ಕ್ರಿ.ಶ. 325ರದು, ವಿಸ್ತೃತ ರೂಪ 381ರದು. ಅಂದು ಗ್ರೀಕಿನಲ್ಲಿ ಅದು ಆರಂಭವಾದದ್ದು "ನಂಬುತ್ತೇವೆ" ಎಂಬ ಬಹುವಚನದಿಂದ. "ನಿನಗೆ ಹೇಳಲಾಗದ ದಿನ ಪಕ್ಕದಲ್ಲಿ ನಿಂತವರು ನಿನಗೂ ಸೇರಿಸಿ ಹೇಳುತ್ತಾರೆ ತಮ್ಮಾ. ನಿನ್ನ ಅಳು ಬತ್ತಿದರೆ ಆ ಮಾತು ಸುಳ್ಳಾಗುವುದಿಲ್ಲ" ಎಂದೆ. ಮದರ್ ತೆರೇಸಾ ದಶಕಗಳ ಕಾಲ ಒಳಗೆ ಬರೀ ಕತ್ತಲನ್ನೇ ಕಂಡರೆಂಬುದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ಜಗತ್ತಿಗೆ ತಿಳಿಯಿತು. ಪ್ರಾರ್ಥನೆಯನ್ನೂ ಬಿಡಲಿಲ್ಲ, ರೋಗಿಗಳನ್ನೂ ಬಿಡಲಿಲ್ಲ.

ಹೊಸ ಹಾಡುಗಳನ್ನು ನಾನು ಹಳಿಯಲಿಲ್ಲ. 1851ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಗುಳೇದಗುಡ್ಡಕ್ಕೆ ಬಂದಾಗ, ಇಂದು ಹಳತೆನಿಸುವ ಆ ಜರ್ಮನ್ ರಾಗಗಳೂ ಊರಿಗೆ ಹೊಸವೇ ಆಗಿದ್ದವು. ಹಾಡು ಇಷ್ಟವಾದರೆ ಹಾಡಲಿ. ಅದು ಎಬ್ಬಿಸುವ ಪುಳಕದಿಂದ ದೇವರ ಪ್ರೀತಿಯನ್ನು ಅಳೆಯುವುದು ಬೇಡ, ಅಷ್ಟೇ. ಆತನಿಗೆ ಕೊಟ್ಟ ಸಲಹೆ ಇಷ್ಟು: ನಲವತ್ತು ದಿನ ಬೆಳಗ್ಗೆ ಎಲೀಯನ ಅದೇ ಅಧ್ಯಾಯ ಓದು, ಬೇರೆ ಪ್ರವಚನ ಬೇಡ. ಭಾನುವಾರ ತಂದೆಯ ಪಕ್ಕದಲ್ಲಿ ಕುಳಿತುಕೋ, ಏನೂ ಅನ್ನಿಸದಿದ್ದರೂ. ಯಾರು ಎಷ್ಟೇ ಅವಸರಪಡಿಸಿದರೂ ಮನೆಯವರಿಗೆ ತಿಳಿಸದೆ ಹಣ ಕಳಿಸಬೇಡ. ತಂದೆಯ ಕ್ಷಮೆ ಕೇಳು. ಅದಕ್ಕೆ ಬೈಬಲ್ ವಾಕ್ಯ ಉದ್ಧರಿಸಬೇಕಾಗಿಲ್ಲ.

ಆರನೆಯ ಭೇಟಿಗೆ ಬಂದಾಗ ಮುಖ ತಿಳಿಯಾಗಿತ್ತು. ದೇವಾಲಯದಲ್ಲಿ ತಂದೆ ಕನ್ನಡಕ ಮರೆತು ಬಂದಿದ್ದರಂತೆ. ಆರಾಧನೆಯ ಹಾಡುಗಳಿರುವ ಸಂಗೀತ ಪುಸ್ತಕವನ್ನು ಮಗನ ಕೈಗಿಟ್ಟು, "ನಂಬರು ನೋಡಪ್ಪಾ" ಎಂದರಂತೆ.

"ಅಳು ಬರಲಿಲ್ಲ ಅಕ್ಕಾ. ಪುಸ್ತಕ ಹಿಡಿದುಕೊಂಡು ನಿಂತಿದ್ದೆ."

ಸಾಲದ ಲೆಕ್ಕ ಇನ್ನೂ ಬಾಕಿಯಿದೆ. ಮುಂದಿನ ಸಲ ತಂದೆಯನ್ನೂ ಕರೆತರುತ್ತಾನಂತೆ.